ಒಂಬತ್ತನೆಯ ಕಾಲಂ

ಧಾರವಾಡದಲ್ಲಿ ಜೂನ್ ಅಂದರೆ
ವರಾಂಡದ ತುಂಬ ಬಿಚ್ಚಿಟ್ಟ ಕೊಡೆ, ಝೆರಾಕ್ಸ್ ಅಂಗಡಿಯ ಪಾಳಿ,
ಮತ್ತೆ ಈ ಕಿಟಕಿ. ಕೌಂಟರ್ ಮೂರು.
ಇಪ್ಪತ್ತೆಂಟು ವರ್ಷದಿಂದ ಇದರ ಒಳಮಗ್ಗಲಿಗೆ ನಾನು.

ಅರ್ಜಿಯ ಒಂಬತ್ತನೆಯ ಕಾಲಂ ಒಂದಿದ್ದರೆ ಸಾಕು,
ಆ ವರ್ಷ ಊರು ಏನು ಕನಸು ಕಂಡಿತ್ತೆಂದು ಹೇಳಿಬಿಡುತ್ತೇನೆ.
ಒಂದು ವರ್ಷ ಎಲ್ಲರೂ ಎಲೆಕ್ಟ್ರಾನಿಕ್ಸ್.
ಆಮೇಲೆ ಒಮ್ಮಿಂದೊಮ್ಮೆಲೆ ಬಯೋಟೆಕ್,
ಒಂದು ಸೂಕ್ಷ್ಮದರ್ಶಕಕ್ಕೆ ಹದಿನಾರು ಹುಡುಗರು ನಿಂತದ್ದು ನೋಡಿದ್ದೇನೆ.
ಈಗ ಆ ಕೋಣೆಯಲ್ಲಿ ಮುರುಕು ಬೆಂಚು ಒಟ್ಟಿದ್ದಾರೆ.
ಈ ಸಲ ಡೇಟಾ.
ಏನದು ಎಂದರೆ ಹುಡುಗರು ನನ್ನ ಮುಖ ನೋಡುತ್ತಾರೆ,
ಪಾಲಕರು ಮಾತ್ರ ಗಟ್ಟಿಯಾಗಿ: ‘ಸ್ಕೋಪ್ ಅದರಿ ಅದಕ್ಕ.’

ಸ್ಕೋಪು.
ಎಲ್ಲಿಂದ ಬಂದ ಶಬ್ದವೋ, ಹೊಸ್ತಿಲು ದಾಟಿ
ನಡುಮನೆಯಲ್ಲೇ ಕೂತುಬಿಟ್ಟಿದೆ.
ವರ ನೋಡುವಾಗ ಮನೆತನ ವಿಚಾರಿಸಿದಂತೆ ವಿಚಾರಿಸುತ್ತಾರೆ.
ನಾನೂ ಸ್ಕೋಪ್ ನೋಡಿಯೇ ಓದಿದವ.
ಟೀವಿ ರಿಪೇರಿ ಬರುತ್ತದೆ ನನಗೆ, ಡಬ್ಬಿ ಟೀವಿ,
ಅಂಥದೊಂದು ಹೊತ್ತುಕೊಂಡು ಯಾರಾದರೂ ಬಂದರೆ.

ಮೊನ್ನೆ ಮಂಗಳವಾರ, ಊಟಕ್ಕೆಂದು ಕಿಟಕಿ ಎಳೆಯಬೇಕು,
ಒಂದು ಅರ್ಜಿ ಒಳಗೆ ಬಂತು.
ಭಾಗ್ಯಶ್ರೀ ಫಕ್ಕೀರಪ್ಪ ತಳವಾರ,
ತಾಲೂಕು ಶಿರಹಟ್ಟಿ, ಜಿಲ್ಲಾ ಗದಗ.
ಎಲ್ಲ ಕಾಲಂ ನೀಲಿ ಶಾಯಿ. ಒಂಬತ್ತು ಮಾತ್ರ ಪೆನ್ಸಿಲು:
ಭೂಗರ್ಭಶಾಸ್ತ್ರ.
‘ಪೆನ್ಸಿಲ್ ನಡೆಯಂಗಿಲ್ಲ’ ಅಂದೆ.
ಹುಡುಗಿ ಅಪ್ಪನ ಕಡೆ ನೋಡಿದಳು. ಅಪ್ಪ ನನ್ನ ಕಡೆ.

ಬೋರ್ ಗಾಡಿಯ ಆಪರೇಟರಂತೆ.
ಹುಬ್ಬಿನಲ್ಲಿ, ಕಿವಿಯ ಸುರುಳಿಯಲ್ಲಿ ಕಲ್ಲಿನ ಹಿಟ್ಟು,
ಇಸ್ತ್ರಿ ಅಂಗಿ ತೊಟ್ಟರೂ ಬಿಡದಂಥದು.
‘ಸಣ್ಣಾಕಿ ಇದ್ದಾಗಿಂದ ಹಿಂಗ ನೋಡ್ರಿ ಸರ,
ಗಾಡಿ ಎಲ್ಲಿ ನಿಂತ್ರ ಅಲ್ಲಿ ಬರಾಕಿ.
ನೂರ ಅಡಿಗೊಮ್ಮೆ ಹಿಟ್ಟ ಹಿಡದು ಔಷಧದ ಬಾಟ್ಲಿಗೆ ತುಂಬಾಕಿ.
ಕೆಂಪಂದು, ಬೂದಿ ಬಣ್ಣದ್ದು, ಹಸರ ಮಿಂಚಾದು.
ಜಗಲಿ ಮ್ಯಾಲ ದೇವ್ರಿಗೂ ಜಾಗಿಲ್ಲ ಈಗ.’
ಹೇಳುತ್ತ ಹೇಳುತ್ತ ಹೆಮ್ಮೆ ಉಕ್ಕಿತು,
ತಟಕ್ಕನೆ ಅದನ್ನು ಹಿಂದಕ್ಕೆ ಎಳೆದುಕೊಂಡ.
‘ಈಕಿ ಸೋದರಮಾವ ಕಂಪ್ಯೂಟರ್ ಅಂತಾನ್ರಿ.
ಖರೇ ಹೇಳ್ರಿ, ಈ ಕಲ್ಲಿನ ಓದಿಗೆ ಸ್ಕೋಪ್ ಐತೇನ್ರಿ?’

ಎಲ್ಲ ವಿಷಯಕ್ಕೂ ಅಳತೆ ಕೂಡುವ ಉತ್ತರವೊಂದು
ನನ್ನ ಡ್ರಾವರಿನಲ್ಲಿ ಯಾವಾಗಲೂ ಇರುತ್ತದೆ.
‘ಅದ ಅಲ್ಲ,’ ಅಂದೆ. ‘ಯಾಕಿಲ್ಲ?’

ಆತ ನಕ್ಕ. ಹಲ್ಲೂ ಅದೇ ಹಿಟ್ಟಿನ ಬಣ್ಣ.
‘ಬ್ಯಾಡ್ರಿ ಸರ, ಅದು ನನ್ನ ಮಾತು.
ಮಂದಿ ಕಾಯಿ ಒಡದು ಗಾಡಿ ಮುಂದ ನಿಂತು ಕೇಳ್ತಾರ,
ನೀರ ಬೀಳತೈತೇನ್ರಿ ಅಂತ.
ಬೀಳತೈತಿ, ಯಾಕ ಬೀಳೂದಿಲ್ಲ ಅಂತೇನಿ.
ನಮ್ಮ ರೊಕ್ಕ ಅಡಿ ಲೆಕ್ಕದ್ರಿ, ನೀರಿನ ಲೆಕ್ಕದ್ದಲ್ಲ.’

ಸ್ಟ್ಯಾಂಪ್ ಪ್ಯಾಡನ್ನು ಸುಮ್ಮನೆ ತೆರೆದೆ, ಮುಚ್ಚಿದೆ.

ಆಗ ಹುಡುಗಿ, ಮೊದಲ ಸಲ ಬಾಯಿ ತೆರೆದು:
‘ಅಪ್ಪಾ, ಹ್ವಾದ ವಾರ ಎಂಟನೂರಾ ಇಪ್ಪತ್ತ ಅಡಿ ಕೊರದ್ಯಲ್ಲ,
ಮುನ್ನೂರಕ್ಕ ನಾ ಏನಂದಿದ್ನಿ?’
‘ಇನ್ನ ಕೆಳಗ ಏನಿಲ್ಲ ಅಂದಿದ್ದಿ.’
‘ಇತ್ತೇನು?’

ಆತ ಕಿಟಕಿಯ ಸರಳು ಹಿಡಿದು ನಿಂತ.
ಲೆಕ್ಕ ಹಾಕುತ್ತಿದ್ದನೇನೋ,
ಯಾರದೋ ರೊಕ್ಕದ ಐನೂರಾ ಇಪ್ಪತ್ತು ಅಡಿ.
ಆಮೇಲೆ ಕಿಸೆಯ ಪೆನ್ನು ತೆಗೆದು
ಮುಚ್ಚಳ ಹಲ್ಲಿನಿಂದ ಕಿತ್ತು ಅವಳ ಕೈಗೆ ಕೊಟ್ಟ.

ಪೆನ್ಸಿಲ್ ಅಕ್ಷರದ ಮೇಲೆಯೇ ತೀಡಿದಳು, ಒತ್ತಿ.
ಎರಡನೆಯ ಆಯ್ಕೆ ಎಂಬಲ್ಲಿ, ಮಾವನ ಸಲುವಾಗಿ, ಕಂಪ್ಯೂಟರ್.
ಪಾಲಕರ ಸಹಿಯ ಪಕ್ಕ ಬೂದುಬಣ್ಣದ ಅರ್ಧ ಹೆಬ್ಬೆಟ್ಟು ಮೂಡಿತ್ತು,
ಯಾರೂ ಕೇಳದಿದ್ದರೂ.

ಡಬ್ಬಿ ಬಿಚ್ಚಿದೆ. ರೊಟ್ಟಿ ಸೆಟೆದುಕೊಂಡಿತ್ತು.
ಆ ವಿಷಯಕ್ಕೆ ಸೀಟು ನಲವತ್ತು, ಬಂದ ಅರ್ಜಿ ಹನ್ನೊಂದು.
ನನಗೆ ಖರೇ ಗೊತ್ತಿದ್ದದ್ದು ಅದೊಂದೇ.
ಅದನ್ನು ಅವರು ಕೇಳಲಿಲ್ಲ.